ಹಳೇ ಆಟವನ್ನು ಹೊಸದಾಗಿ ಕಟ್ಟಬೇಕು: ಸೋರ್ಸ್ ಕೋಡ್ ಯಾರ ಹತ್ತಿರ ಕೇಳುವುದು, ಅನುಮತಿ ಯಾವುದಕ್ಕೆಲ್ಲಾ ಬೇಕು?

ಸಾಲುಮರ:

ಎಲ್ಲರಿಗೂ ನಮಸ್ಕಾರ. ತೊಂಬತ್ತರ ದಶಕದ ಒಂದು ಡಾಸ್ (ಆಗಿನ ಪಿಸಿಗಳ ಆಪರೇಟಿಂಗ್ ಸಿಸ್ಟಂ) ಆಟವನ್ನು ಹೊಸದಾಗಿ ಕಟ್ಟಲು ನಾವು ಮೂವರು ಗೆಳೆಯರು ಹೊರಟಿದ್ದೇವೆ. ಸರದಿ ಪ್ರಕಾರ ಆಡುವ ಸ್ಟ್ರಾಟಜಿ ಆಟ. ಹಳೇ ಡಾಸ್ ಪ್ರೋಗ್ರಾಂಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಈಗಲೂ ಓಡುತ್ತದೆ. ಆದರೆ ದೊಡ್ಡ ಪರದೆಯಲ್ಲಿ ಅಕ್ಷರ ಓದಲು ಕಷ್ಟ, ನಕ್ಷೆ ಸರಿಸುವುದು ನಿಧಾನ, ದೂರದ ಗೆಳೆಯರ ಜೊತೆ ಆಡಲು ದಾರಿಯೇ ಇಲ್ಲ.

ಆಟ ಮಾಡಿದ ಸ್ಟುಡಿಯೋ ಮುಚ್ಚಿಹೋಗಿದೆ. ಪ್ರಕಟಿಸಿದ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು, ಅದನ್ನು ಮತ್ತೊಂದು ಕೊಂಡಿತು. ಕೊನೆಯ ಕಂಪನಿಗೆ ಮೇಲ್ ಬರೆದರೆ, ಆ ಹೆಸರಿನ ಆಟ ತಮ್ಮ ದಾಖಲೆಯಲ್ಲಿ ಸಿಗುತ್ತಿಲ್ಲ ಎಂದು ಉತ್ತರ ಬಂತು. ಮಾತುಕತೆ ಇನ್ನೂ ಮುಗಿದಿಲ್ಲ, ಹಾಗಾಗಿ ಆಟದ ಹೆಸರು ಇಲ್ಲಿ ಹೇಳುವುದಿಲ್ಲ.

ಸೋರ್ಸ್ ಕೋಡ್ (ಪ್ರೋಗ್ರಾಮರ್‌ಗಳು ಬರೆದ ಮೂಲ ಬರಹ) ಇಲ್ಲದೆ ಈ ಕೆಲಸ ಆಗುತ್ತದಾ? ಆಗುತ್ತದೆ ಅನ್ನುವುದಾದರೆ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು? ಆಟವನ್ನು ಮಾರುವ ಯೋಚನೆ ನಮಗಿಲ್ಲ. ಆದರೆ ವರ್ಷಗಟ್ಟಲೆ ದುಡಿದ ಮೇಲೆ ಒಂದು ನೋಟಿಸ್ ಬಂದು ಎಲ್ಲವೂ ಅಳಿದುಹೋಗುವುದು ಬೇಡ.

ಹಳೆಡಿಸ್ಕ್:

ಸಾಲುಮರ ಅವರೇ, ಮೊದಲು ಒಂದು ವಿಷಯ ಬಿಡಿಸಿಟ್ಟುಕೊಳ್ಳಿ. ಆಟ ಅಂದರೆ ಒಂದೇ ವಸ್ತುವಲ್ಲ. ಕೋಡ್ ಬೇರೆ. ಚಿತ್ರ, ಸಂಗೀತ, ಕಥೆ, ನಕ್ಷೆಗಳು ಬೇರೆ. ಹೆಸರು ಮತ್ತು ಲೋಗೋ ಬೇರೆ. ಇವು ಮೂರೂ ಒಬ್ಬರ ಕೈಯಲ್ಲೇ ಇರಬೇಕು ಅಂತೇನಿಲ್ಲ. ಒಂದಕ್ಕೆ ಅನುಮತಿ ಸಿಕ್ಕಿದರೆ ಉಳಿದದ್ದಕ್ಕೂ ಸಿಕ್ಕಿತು ಅಂತಲೂ ಅಲ್ಲ.

ಡೂಮ್ ಎಂಬ ಆಟ ನೋಡಿ. ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್ ಕಂಪನಿ ಅದರ ಸೋರ್ಸ್ ಕೋಡ್ ಅನ್ನು 1997ರ ಡಿಸೆಂಬರ್‌ನಲ್ಲಿ ಹೊರಗೆ ಬಿಟ್ಟಿತು. ಮೊದಲು ಲಾಭಕ್ಕಾಗಿ ಬಳಸಬಾರದು ಎಂಬ ಷರತ್ತು ಇತ್ತು. 1999ರಲ್ಲಿ ಅದನ್ನೇ ಜಿಪಿಎಲ್ (ಬದಲಿಸಿ ಹಂಚುವವರೂ ಸೋರ್ಸ್ ಕೊಡಬೇಕು ಎನ್ನುವ ಮುಕ್ತ ಲೈಸೆನ್ಸ್) ಅಡಿಯಲ್ಲಿ ಕೊಟ್ಟರು. ಇವತ್ತು ಡೂಮ್ ಓಡದ ಯಂತ್ರವೇ ಇಲ್ಲ ಅನ್ನುವಷ್ಟು ಹರಡಲು ಅದೇ ಕಾರಣ. ಆದರೆ ಅದರ ನಕ್ಷೆ, ರಾಕ್ಷಸರು, ಸದ್ದುಗಳಿರುವ ವ್ಯಾಡ್ ಫೈಲ್‌ಗಳನ್ನು ಅವರು ಬಿಟ್ಟುಕೊಡಲಿಲ್ಲ. ಅವುಗಳ ಕಾಪಿರೈಟ್ ಹಾಗೇ ಇದೆ. ಅದಕ್ಕೇ ಫ್ರೀಡೂಮ್ ಎಂಬ ಯೋಜನೆ ಹುಟ್ಟಿತು. ಅದೇ ಇಂಜಿನ್‌ಗೆ (ಆಟವನ್ನು ಓಡಿಸುವ ಕೋಡ್‌ಗೆ) ಹೊಂದುವ ಚಿತ್ರ, ಸದ್ದು, ನಕ್ಷೆಗಳನ್ನು ಮೊದಲಿನಿಂದ ತಾವೇ ಮಾಡಿದರು.

ಹೆಸರಿನ ವಿಷಯಕ್ಕೆ ಸ್ಟಾರ್ ಕಂಟ್ರೋಲ್ 2ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದನ್ನು ಮಾಡಿದವರೇ 2002ರಲ್ಲಿ 3ಡಿಒ ಎಂಬ ಆಟದ ಯಂತ್ರದ ಆವೃತ್ತಿಯ ಸೋರ್ಸ್ ಕೊಟ್ಟರು. ಚಿತ್ರ, ಧ್ವನಿಗಳನ್ನೂ ಕೊಟ್ಟರು. ಆದರೆ 'ಸ್ಟಾರ್ ಕಂಟ್ರೋಲ್' ಎಂಬ ಟ್ರೇಡ್‌ಮಾರ್ಕ್ ಅವರ ಕೈಯಲ್ಲಿ ಇರಲಿಲ್ಲ. ಹಾಗಾಗಿ ಅಭಿಮಾನಿಗಳ ಯೋಜನೆ 'ದಿ ಉರ್-ಕ್ವಾನ್ ಮಾಸ್ಟರ್ಸ್' ಎಂಬ ಹೆಸರಲ್ಲಿ ನಡೆಯಿತು. ಆಮೇಲೆ ಆ ಟ್ರೇಡ್‌ಮಾರ್ಕ್ ಕೊಂಡ ಕಂಪನಿಗೂ ಮೂಲ ನಿರ್ಮಾತೃಗಳಿಗೂ ಕೋರ್ಟಿನಲ್ಲೇ ಜಗಳವಾಗಿ 2019ರಲ್ಲಿ ರಾಜಿಯಾಯಿತು. ಆಟ ಮಾಡಿದವರಿಗೇ ಆಟದ ಹೆಸರು ಇಡಲು ಆಗಲಿಲ್ಲ ಅಂದರೆ ನಮ್ಮಂಥವರು ಎಷ್ಟು ಎಚ್ಚರವಾಗಿರಬೇಕು ಅಲ್ವಾ?

ಮೊದಲ ದಿನವೇ ಬೇರೆ ಹೆಸರು ಇಟ್ಟುಕೊಳ್ಳಿ. ಇದಕ್ಕೆ ಏನೂ ಖರ್ಚಿಲ್ಲ.

ಸಾಲುಮರ:

ತುಂಬಾ ಧನ್ಯವಾದ. ಇನ್ನೊಂದು ವಿಷಯ. ಆಟದ ಸೋರ್ಸ್ ಕೋಡ್ ಎನ್ನಲಾದ ಜಿಪ್ ಫೈಲ್ ಒಂದನ್ನು ಒಬ್ಬರು ನಮಗೆ ಕಳಿಸಿದ್ದಾರೆ. ಎಲ್ಲಿಂದ ಬಂತು ಅಂತ ಹೇಳುತ್ತಿಲ್ಲ. ನಾವು ಇನ್ನೂ ಬಿಚ್ಚಿಲ್ಲ. ಸುಮ್ನೆ ಓದಿ, ಅರ್ಥ ಮಾಡಿಕೊಂಡು, ಆಮೇಲೆ ನಮ್ಮದೇ ಕೋಡ್ ಬರೆದರೆ ತಪ್ಪಾ?

ಕೋಡುಗಾರ್ತಿ:

ದಯವಿಟ್ಟು ಬಿಚ್ಚಬೇಡಿ. ತೆಗೆದುಹಾಕಿ. ಕಳಿಸಿದವರಿಗೂ ಬೇಡ ಅಂತ ಬರೆದು ತಿಳಿಸಿ, ಆ ಮೇಲ್ ಇಟ್ಟುಕೊಳ್ಳಿ.

ಯಾಕೆ ಅಂದರೆ, ನಿಮ್ಮ ಕೆಲಸದ ಬಲ ಇರುವುದೇ 'ನಾವು ಅವರ ಕೋಡ್ ನೋಡಿಲ್ಲ' ಎಂಬ ಮಾತಿನಲ್ಲಿ. ಒಂದು ಸಲ ನೋಡಿದ ಮೇಲೆ ನಿಮ್ಮ ಕೋಡ್ ಎಲ್ಲೆಲ್ಲಿ ಅವರದನ್ನು ಹೋಲುತ್ತದೋ ಅಲ್ಲೆಲ್ಲಾ ನಕಲು ಎಂಬ ಅನುಮಾನ ಬರುತ್ತದೆ. ಹೋಲಿಕೆ ಹೇಗೂ ಇದ್ದೇ ಇರುತ್ತದೆ, ಒಂದೇ ಆಟ ತಾನೇ. ಎಂಬತ್ತರ ದಶಕದಲ್ಲಿ ಐಬಿಎಂ ಪಿಸಿಯ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಕೋಡ್‌ಗೆ) ಬದಲಿ ಬರೆದವರು ಇದೇ ಕಾರಣಕ್ಕೆ ಎರಡು ತಂಡ ಮಾಡಿಕೊಂಡಿದ್ದರು. ಒಂದು ತಂಡ ಮೂಲವನ್ನು ನೋಡಿ ಅದು ಏನು ಮಾಡುತ್ತದೆ ಅಂತ ಮಾತ್ರ ಬರೆದುಕೊಡುವುದು. ಮೂಲವನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಆ ಬರಹ ಓದಿ ಕೋಡ್ ಮಾಡುವುದು. ಕ್ಲೀನ್ ರೂಮ್ ಎನ್ನುವುದು ಇದನ್ನೇ.

ಸೋರ್ಸ್ ಇಲ್ಲದೆ ಆಗುತ್ತದಾ ಅಂದಿರಿ. ಖಂಡಿತ ಆಗುತ್ತದೆ. ಓಪನ್‌ಟಿಟಿಡಿ ಎಂಬ ಆಟ 2004ರಲ್ಲಿ ಶುರುವಾದದ್ದು ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಅನ್ನು ರಿವರ್ಸ್ ಎಂಜಿನಿಯರಿಂಗ್ ಮಾಡಿ, ಅಂದರೆ ಸಿದ್ಧ ಆಟವನ್ನು ಬಿಡಿಸಿ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕಂಡುಕೊಂಡು. ಮೊದಲಿಗೆ ಮೂಲ ಆಟದ ಚಿತ್ರಗಳ ಫೈಲ್ ಬೇಕಿತ್ತು. ಆಮೇಲೆ ಓಪನ್‌ಜಿಎಫ್‌ಎಕ್ಸ್ ಎಂಬ ಸ್ವತಂತ್ರ ಚಿತ್ರಗಳ ಕಟ್ಟು ತಯಾರಾಯಿತು. ಈಗ ಮೂಲ ಆಟ ಇಲ್ಲದೆಯೂ ಅದನ್ನು ಆಡಬಹುದು. ಸ್ಕಮ್‌ವಿಎಂ ಎಂಬ ಪ್ರೋಗ್ರಾಂ 2001ರಿಂದ ಅಡ್ವೆಂಚರ್ ಆಟಗಳಿಗೆ ಇದೇ ಕೆಲಸ ಮಾಡುತ್ತಿದೆ. ಅಲ್ಲಿ ಇನ್ನೊಂದು ಚೆಂದದ ವಿಷಯ ಇದೆ. ರೆವಲ್ಯೂಷನ್ ಸಾಫ್ಟ್‌ವೇರ್ ತನ್ನ ಬಿನೀತ್ ಎ ಸ್ಟೀಲ್ ಸ್ಕೈ ಆಟದ ಸೋರ್ಸ್ ಅನ್ನು ಆ ತಂಡಕ್ಕೆ ತಾನಾಗಿ ಕೊಟ್ಟು, 2003ರಲ್ಲಿ ಆಟವನ್ನೂ ಉಚಿತ ಮಾಡಿತು. ಕೇಳಿದರೆ ಕೊಡುವವರೂ ಇದ್ದಾರೆ.

ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಡೇಟಾ ಫೈಲ್‌ಗಳು. ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಬೈಟ್‌ಗಳನ್ನು ಅಂಕಿಗಳಾಗಿ ತೋರಿಸುವ ಪ್ರೋಗ್ರಾಂ) ತೆರೆದರೆ ಶುರುವಿನಲ್ಲೇ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಒಳಗೆ ಎಷ್ಟು ತುಂಡುಗಳಿವೆ, ಯಾವುದು ಎಲ್ಲಿಂದ ಶುರು, ಎಷ್ಟು ಉದ್ದ. ಆ ಕಾಲದ ಚಿತ್ರಗಳು ಬಹುಪಾಲು 256 ಬಣ್ಣದ ಪ್ಯಾಲೆಟ್‌ನವು, ಸರಳವಾದ ರನ್-ಲೆಂತ್ (ಒಂದೇ ಬಣ್ಣ ಸಾಲಾಗಿ ಬಂದರೆ ಬಣ್ಣ ಮತ್ತು ಎಣಿಕೆ ಮಾತ್ರ ಬರೆಯುವ) ರೀತಿಯಲ್ಲಿ ಒತ್ತಿಟ್ಟಿರುತ್ತಾರೆ. ಮೊದಲ ಚಿತ್ರ ಸರಿಯಾಗಿ ಮೂಡಿತು ಅಂದರೆ ಉಳಿದವು ಬೇಗ ಬರುತ್ತವೆ.

ಆಮೇಲೆ ಸೇವ್ ಫೈಲ್. ನಿಮ್ಮದು ಸರದಿ ಆಟ, ಇದು ದೊಡ್ಡ ಅನುಕೂಲ. ಒಂದು ಸೇವ್ ಮಾಡಿ. ಒಂದೇ ಒಂದು ಸೈನಿಕನನ್ನು ಒಂದು ಮನೆ ಸರಿಸಿ. ಮತ್ತೆ ಸೇವ್ ಮಾಡಿ. ಎರಡು ಫೈಲ್‌ಗಳಲ್ಲಿ ಯಾವ ಬೈಟ್ ಬದಲಾಯಿತು ಅಂತ ನೋಡಿ. ಹೀಗೆ ಆಟದ ನೆನಪಿನ ಇಡೀ ರಚನೆ ಸ್ವಲ್ಪ ಸ್ವಲ್ಪವಾಗಿ ಕೈಗೆ ಸಿಗುತ್ತದೆ.

ನಿಜವಾದ ಕಷ್ಟ ಬರುವುದು ನಿಯಮಗಳಲ್ಲಿ. ಯುದ್ಧದ ಫಲಿತಾಂಶ ಯಾವ ಲೆಕ್ಕದಿಂದ ಬರುತ್ತದೆ, ಕಂಪ್ಯೂಟರ್ ಎದುರಾಳಿ ಹೇಗೆ ಯೋಚಿಸುತ್ತದೆ, ಭಾಗಾಕಾರದಲ್ಲಿ ಶೇಷವನ್ನು ಬಿಡುತ್ತಾರಾ ಮೇಲಕ್ಕೆ ತೆಗೆದುಕೊಳ್ಳುತ್ತಾರಾ, ಇಂಥವು. ಆಟಕ್ಕೆ ಅದರದೇ ರುಚಿ ಬರುವುದು ಇವುಗಳಿಂದಲೇ. ಇಲ್ಲಿ ಡಿಸ್‌ಅಸೆಂಬಲ್ ಮಾಡದೆ (ಯಂತ್ರದ ಕೋಡ್ ಅನ್ನು ಮನುಷ್ಯರು ಓದಬಲ್ಲ ಸೂಚನೆಗಳಾಗಿ ಬಿಡಿಸದೆ) ಬೇರೆ ದಾರಿ ಇರುವುದಿಲ್ಲ. ಹಾಗೆ ಕಂಡುಕೊಂಡದ್ದನ್ನು ಸೂತ್ರವಾಗಿ, ಮಾತಿನಲ್ಲಿ ಬರೆದಿಡಿ. ನೀವು ಮೂವರಿದ್ದೀರಿ. ಒಬ್ಬರು ನೋಡಿ ಬರೆಯಲಿ, ಇಬ್ಬರು ಅದನ್ನು ಓದಿ ಕೋಡ್ ಮಾಡಲಿ. ಯಾರು ಯಾವಾಗ ಏನು ಕಂಡುಕೊಂಡರು ಎಂಬ ಟಿಪ್ಪಣಿ ಶುರುವಿನಿಂದಲೇ ಇರಲಿ.

ಅದೃಷ್ಟ ಇದ್ದರೆ ಹಳೆಯ ಪ್ರತಿಗಳಲ್ಲೇ ಸುಳಿವು ಸಿಗುತ್ತದೆ. ಡಯಾಬ್ಲೋ ಆಟದ ಕೋಡ್ ಮರಳಿ ಕಟ್ಟಿದ ಡೆವಿಲ್ಯೂಷನ್ ಯೋಜನೆ ಅಷ್ಟು ಚೆನ್ನಾಗಿ ಆಗಲು ಜಪಾನಿನ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ತೆಗೆಯದೇ ಉಳಿದಿದ್ದ ಡಿಬಗ್ (ದೋಷ ಹುಡುಕಲು ಬಳಸುವ) ಮಾಹಿತಿ ನೆರವಾಯಿತು. ಫಂಕ್ಷನ್‌ಗಳ (ಕೋಡ್‌ನ ತುಂಡುಗಳ) ಹೆಸರುಗಳು ಅದರಲ್ಲಿ ಹಾಗೇ ಇದ್ದವು. ನಿಮ್ಮ ಆಟದ ಡೆಮೊ, ಪ್ಯಾಚ್, ಬೇರೆ ಭಾಷೆಯ ಆವೃತ್ತಿ ಏನಿದ್ದರೂ ಹುಡುಕಿ.

ನ್ಯಾಯನೋಟ:

ಕೋಡುಗಾರ್ತಿ ಅವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸೇರಿಸುತ್ತೇನೆ. ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಆದರೆ ಆಟಗಳ ವಿಷಯದಲ್ಲಿ ಎಲ್ಲರೂ ನೋಡುವುದು ಅಮೆರಿಕ ಮತ್ತು ಯುರೋಪಿನ ಕೆಲವು ತೀರ್ಪುಗಳನ್ನು.

1992ರ ಸೇಗಾ ವಿರುದ್ಧ ಅಕೋಲೇಡ್. ಸೇಗಾ ಕಂಪನಿಯ ಜೆನೆಸಿಸ್ ಎಂಬ ಆಟದ ಯಂತ್ರದಲ್ಲಿ ತನ್ನ ಆಟ ಓಡಿಸಲು ಅಕೋಲೇಡ್ ಕಂಪನಿ ಸೇಗಾದ ಕೋಡ್ ಅನ್ನು ಡಿಸ್‌ಅಸೆಂಬಲ್ ಮಾಡಿತ್ತು. ಕಾಪಿರೈಟ್ ಇಲ್ಲದ ಕಾರ್ಯವಿಧಾನವನ್ನು ತಿಳಿಯಲು ಬೇರೆ ದಾರಿ ಇಲ್ಲದಿದ್ದರೆ, ತಿಳಿಯಲು ಸರಿಯಾದ ಕಾರಣವೂ ಇದ್ದರೆ, ಹಾಗೆ ಮಾಡುವುದು ನ್ಯಾಯವಾದ ಬಳಕೆ ಎಂದು ಮೇಲ್ಮನವಿ ಕೋರ್ಟ್ ಹೇಳಿತು. ಯುರೋಪಿನಲ್ಲಿ 1991ರ ಸಾಫ್ಟ್‌ವೇರ್ ನಿರ್ದೇಶನದಿಂದಲೇ, ಬೇರೆ ಪ್ರೋಗ್ರಾಂಗಳ ಜೊತೆ ಹೊಂದಿಸಲು ಬೇಕಾದಷ್ಟು ಡಿಕಂಪೈಲ್ ಮಾಡಲು (ಸಿದ್ಧ ಪ್ರೋಗ್ರಾಂನಿಂದ ಸೋರ್ಸ್‌ನಂಥ ಕೋಡ್ ತೆಗೆಯಲು) ಅವಕಾಶ ಇದೆ. 2012ರಲ್ಲಿ ಯುರೋಪಿನ ನ್ಯಾಯಾಲಯ ಎಸ್‌ಎಎಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು: ಪ್ರೋಗ್ರಾಂ ಏನು ಮಾಡುತ್ತದೆ ಎನ್ನುವುದಕ್ಕಾಗಲಿ, ಅದರ ಡೇಟಾ ಫೈಲ್‌ಗಳ ರೂಪಕ್ಕಾಗಲಿ, ಪ್ರೋಗ್ರಾಂನ ಕಾಪಿರೈಟ್‌ನ ರಕ್ಷಣೆ ಇಲ್ಲ.

ಇಷ್ಟು ಓದಿ ಎಲ್ಲವೂ ಸಲೀಸು ಅಂದುಕೊಳ್ಳಬೇಡಿ. ಅದೇ 2012ರಲ್ಲಿ ಅಮೆರಿಕದಲ್ಲಿ ಟೆಟ್ರಿಸ್ ಹೋಲ್ಡಿಂಗ್ ವಿರುದ್ಧ ಎಕ್ಸ್‌ಐಒ ತೀರ್ಪು ಬಂತು. ನಾವು ತೆಗೆದುಕೊಂಡದ್ದು ನಿಯಮಗಳನ್ನು ಮಾತ್ರ ಎಂದು ಎಕ್ಸ್‌ಐಒ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ತುಂಡುಗಳ ಆಕಾರ, ಆಡುವ ಜಾಗದ ಅಳತೆ, ಒಟ್ಟಾರೆ ನೋಟ, ಇವೆಲ್ಲಾ ಟೆಟ್ರಿಸ್‌ನ ಅಭಿವ್ಯಕ್ತಿ, ಅದನ್ನು ಹಾಗೇ ಎತ್ತಿಕೊಂಡಿದ್ದೀರಿ ಎಂದಿತು. ಒಂದು ಸೈನಿಕನಿಗೆ ಮೂರು ನಡೆ ಎಂಬ ನಿಯಮ ನಿಮ್ಮದಾಗಬಹುದು. ಆ ಸೈನಿಕನ ಚಿತ್ರ ನೋಡಿಕೊಂಡು ಅದೇ ಥರ ಇನ್ನೊಂದು ಬಿಡಿಸಿದರೆ ತೊಂದರೆ.

ಇನ್ನು ಒಪ್ಪಂದ. ಆಟ ಹಾಕುವಾಗ 'ಒಪ್ಪಿದೆ' ಅಂತ ಒತ್ತುತ್ತೇವಲ್ಲ, ಅದೂ ಕೋರ್ಟಿನಲ್ಲಿ ನಿಂತಿದೆ. ಬ್ಲಿಜರ್ಡ್ ಕಂಪನಿಯ ಆನ್‌ಲೈನ್ ಆಟದ ಸೇವೆ ಬ್ಯಾಟಲ್.ನೆಟ್‌ಗೆ ಬದಲಿ ಸರ್ವರ್ ಬರೆದ ಬಿನೆಟ್‌ಡಿ ತಂಡ 2005ರಲ್ಲಿ ಸೋತದ್ದರಲ್ಲಿ ಇದಕ್ಕೂ ಪಾಲಿತ್ತು. ರಿವರ್ಸ್ ಎಂಜಿನಿಯರಿಂಗ್ ಮಾಡುವುದಿಲ್ಲ ಎಂದು ಒಪ್ಪಿದ್ದೀರಿ, ಆಮೇಲೆ ಮಾಡಿದ್ದೀರಿ ಎಂದಿತು ಕೋರ್ಟ್. ನಿಮ್ಮ ಆಟದ ಪೆಟ್ಟಿಗೆಯಲ್ಲಿ, ಕೈಪಿಡಿಯಲ್ಲಿ, ಇನ್‌ಸ್ಟಾಲರ್‌ನಲ್ಲಿ ಏನು ಬರೆದಿದೆ ಅಂತ ಓದಿ.

ಕಾಪಿರೈಟ್ ಮುಗಿಯಲಿ ಅಂತ ಕಾಯುವ ಆಸೆ ಬೇಡ. ಅಮೆರಿಕದಲ್ಲಿ ಕಂಪನಿ ಮಾಡಿಸಿದ ಕೃತಿಗೆ ಪ್ರಕಟವಾದ ವರ್ಷದಿಂದ 95 ವರ್ಷ. 1995ರ ಆಟ ಸ್ವತಂತ್ರವಾಗುವುದು 2091ರ ಶುರುವಿಗೆ.

ರಾತ್ರಿಪಾಳಿ:

ಇಷ್ಟೆಲ್ಲಾ ಯಾಕೆ? ಕಂಪನಿಗೇ ತನ್ನ ಹತ್ತಿರ ಆ ಆಟ ಇದೆ ಅಂತ ಗೊತ್ತಿಲ್ಲ. ಕೇಳುವವರು ಯಾರೂ ಇಲ್ಲ. ಮಾಲೀಕರು ಕೈಬಿಟ್ಟರು ಎನ್ನಲಾದ ಆಟಗಳನ್ನು ಇಡುವ ಅಬಂಡನ್‌ವೇರ್ ತಾಣಗಳಲ್ಲಿ ಆಟ ಎಷ್ಟೋ ವರ್ಷಗಳಿಂದ ಸಿಗುತ್ತಿದೆ. ಚಿತ್ರ, ಸಂಗೀತ ಎಲ್ಲಾ ಸೇರಿಸಿ ಬಿಟ್ಟುಬಿಡಿ. ಜನ ಆಡಲಿ. ಆಟ ಸತ್ತುಹೋಗುವುದಕ್ಕಿಂತ ಅದು ಒಳ್ಳೆಯದಲ್ವಾ?

ಹಳೆಡಿಸ್ಕ್:

ನಿಮ್ಮ ಕಳಕಳಿ ನನಗೂ ಇದೆ. ಆದರೆ ಅಬಂಡನ್‌ವೇರ್ ಎಂಬ ವರ್ಗ ಕಾನೂನಿನಲ್ಲಿ ಇಲ್ಲವೇ ಇಲ್ಲ. ಮಾಲೀಕರು ಸುಮ್ಮನಿದ್ದಾರೆ ಅಂದರೆ ಬಿಟ್ಟುಕೊಟ್ಟಿದ್ದಾರೆ ಅಂತ ಅಲ್ಲ. ಇವತ್ತು ನಿದ್ದೆಯಲ್ಲಿರುವ ಕಂಪನಿ ನಾಳೆ ರೀಮಾಸ್ಟರ್ ಮಾಡಲು ಹೊರಟಾಗ ಎದ್ದು ಕೂರುತ್ತದೆ.

ಎಎಂ2ಆರ್ ನೆನಪಿದೆಯಾ? ಮೆಟ್ರಾಯ್ಡ್ 2ರ ಅಭಿಮಾನಿ ರೀಮೇಕ್. ವರ್ಷಗಟ್ಟಲೆ ಮಾಡಿದ ಕೆಲಸ. 2016ರ ಆಗಸ್ಟ್‌ನಲ್ಲಿ ಹೊರಬಂತು, ಕೂಡಲೇ ನಿಂಟೆಂಡೊ ನೋಟಿಸ್ ಬಂದು ಡೌನ್‌ಲೋಡ್ ಕೊಂಡಿಗಳು ಹೋದವು. ಮುಂದಿನ ವರ್ಷವೇ ನಿಂಟೆಂಡೊ ಅದೇ ಆಟದ ತನ್ನ ರೀಮೇಕ್ ಬಿಡುಗಡೆ ಮಾಡಿತು.

ಡೇಟಾ ಸೇರಿಸದಿದ್ದರೂ ಜಗಳ ಬರಬಹುದು ಅನ್ನುವುದಕ್ಕೆ ಆರ್‌ಇ3 ಎಂಬ ಯೋಜನೆ ಇದೆ. ಜಿಟಿಎ 3 ಮತ್ತು ವೈಸ್ ಸಿಟಿಯ ಕೋಡ್ ಅನ್ನು ಮೂಲ ಪ್ರೋಗ್ರಾಂನಿಂದ ಸಾಲು ಸಾಲಾಗಿ ಹಿಂದಕ್ಕೆ ಬಿಡಿಸಿ ಬರೆದಿದ್ದರು. ಆಡಲು ಮೂಲ ಆಟದ ಫೈಲ್‌ಗಳು ಬೇಕೇ ಬೇಕಿತ್ತು. ಆದರೂ 2021ರ ಫೆಬ್ರವರಿಯಲ್ಲಿ ಆ ಆಟಗಳ ಮಾಲೀಕ ಕಂಪನಿ ಟೇಕ್-ಟೂ ಅದನ್ನು ತೆಗೆಸಿತು. ಸೆಪ್ಟೆಂಬರ್‌ನಲ್ಲಿ ಕೇಸ್ ಹಾಕಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಆಟದ ನಡವಳಿಕೆ ತಿಳಿದುಕೊಂಡು ಹೊಸದಾಗಿ ಬರೆಯುವುದು ಒಂದು. ಮೂಲದ ಪ್ರತಿ ಫಂಕ್ಷನ್‌ಗೂ ಸರಿಸಮವಾಗಿ ಡಿಕಂಪೈಲ್ ಮಾಡಿ ಪ್ರಕಟಿಸುವುದು ಇನ್ನೊಂದು. ಎರಡನೆಯದು ಮೂಲದ ನಕಲು ಅಥವಾ ಅನುವಾದ ಅನ್ನಿಸಿಕೊಳ್ಳುವ ಅಪಾಯ ಜಾಸ್ತಿ. ನಾನಾದರೆ ಮೊದಲನೆಯ ದಾರಿ ಬಿಟ್ಟು ಕದಲುವುದಿಲ್ಲ.

ಬಿಲ್ಡ್‌ಮನೆ:

ನಾನು ಆಟಗಳ ಕಂಪನಿಗಳಲ್ಲಿ ಕೆಲಸ ಮಾಡಿದವನು. ಒಳಗಿನಿಂದ ನೋಡಿದ್ದನ್ನು ಹೇಳಬೇಕು ಅನ್ನಿಸಿತು. ಕಂಪನಿಗಳು ಸೋರ್ಸ್ ಕೊಡದೇ ಇರುವುದಕ್ಕೆ ದುರಾಸೆಯೇ ಕಾರಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಅದಲ್ಲ. ಅವರ ಹತ್ತಿರ ಕೊಡಲು ಏನೂ ಉಳಿದಿರುವುದಿಲ್ಲ. ಉಳಿದಿದ್ದರೂ ಅದು ಪೂರ್ತಿ ಅವರದಾಗಿರುವುದಿಲ್ಲ.

ಕಳೆದುಹೋಗುವುದನ್ನು ಮೊದಲು ನೋಡಿ. ಐಸ್‌ವಿಂಡ್ ಡೇಲ್ 2ರ ಹೊಸ ಆವೃತ್ತಿ ಮಾಡಲು ಬೀಮ್‌ಡಾಗ್ ಕಂಪನಿಗೆ ಸೋರ್ಸ್ ಕೋಡೇ ಸಿಗಲಿಲ್ಲ. ಸೈಲೆಂಟ್ ಹಿಲ್ ಎಚ್‌ಡಿ ಕಲೆಕ್ಷನ್ 2012ರಲ್ಲಿ ಅಷ್ಟು ಕೆಟ್ಟದಾಗಿ ಬಂದದ್ದಕ್ಕೆ ಒಂದು ಕಾರಣ, ಮಾಡಿದವರ ಕೈಗೆ ಸಿಕ್ಕಿದ್ದು ಮಾರಾಟವಾದ ಆಟದ ಕೊನೆಯ ಕೋಡ್ ಅಲ್ಲ. ಪೂರ್ತಿಯಾಗದ ಹಳೆಯ ಪ್ರತಿ. ಮೊದಲ ತಂಡ ಸರಿಪಡಿಸಿದ್ದ ದೋಷಗಳನ್ನೆಲ್ಲಾ ಇವರು ಮತ್ತೆ ಸರಿಪಡಿಸಬೇಕಾಯಿತು. ಪ್ರಿನ್ಸ್ ಆಫ್ ಪರ್ಷಿಯಾದ ಆಪಲ್ 2 ಸೋರ್ಸ್ ಉಳಿದದ್ದು ಕಂಪನಿಯ ಉಗ್ರಾಣದಲ್ಲಲ್ಲ. ಆಟ ಮಾಡಿದ ಜೋರ್ಡನ್ ಮೆಕ್ನರ್ ಅವರ ತಂದೆಗೆ ಮನೆಯಲ್ಲಿ ಹಳೆಯ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿತು. 2012ರಲ್ಲಿ ತಿಳಿದವರು ಬಂದು ಅದನ್ನು ಓದಿ ತೆಗೆದರು. ಇನ್ನಷ್ಟು ವರ್ಷ ಹೋಗಿದ್ದರೆ ಫ್ಲಾಪಿಯ ಕಾಂತಶಕ್ತಿಯೇ ಹೋಗುತ್ತಿತ್ತು.

ಇನ್ನು ಬೇರೆಯವರ ಕೋಡ್. ಡೂಮ್‌ನ ಡಾಸ್ ಆವೃತ್ತಿಯಲ್ಲಿ ಸದ್ದಿಗೆ ಬಳಸಿದ್ದು ಹೊರಗಿನವರ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು). ಅದನ್ನು ಕೊಡುವ ಹಕ್ಕು ಇಡ್‌ಗೆ ಇರಲಿಲ್ಲ. ಅದಕ್ಕೇ ಬಿಡುಗಡೆಯಾದದ್ದು ಲಿನಕ್ಸ್ ಆವೃತ್ತಿಯ ಕೋಡ್. ಡೂಮ್ 3 ಸೋರ್ಸ್ 2011ರಲ್ಲಿ ಬರುವಾಗ ನೆರಳು ಬಿಡಿಸುವ ಒಂದು ವಿಧಾನಕ್ಕೆ ಬೇರೆ ಕಂಪನಿಯ ಪೇಟೆಂಟ್ ಅಡ್ಡ ಬಂತು. ಇಡ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಆ ಭಾಗವನ್ನು ಬದಲಿಸಿ ಬರೆದ ಮೇಲೆಯೇ ಹೊರಬಂತು. ಇಎ ಕಂಪನಿ 2025ರಲ್ಲಿ ಕಮಾಂಡ್ ಅಂಡ್ ಕಾಂಕರ್ ಸಾಲಿನ ನಾಲ್ಕು ಆಟಗಳ ಸೋರ್ಸ್ ಅನ್ನು ಜಿಪಿಎಲ್ ಅಡಿಯಲ್ಲಿ ಕೊಟ್ಟಿತು. ಅದರಲ್ಲೂ ಹೊರಗಿನವರ ಲೈಬ್ರರಿಗಳನ್ನು ತೆಗೆದುಹಾಕಿದ್ದಾರೆ. ಕಂಪೈಲ್ ಮಾಡಬೇಕಾದರೆ (ಕೋಡ್‌ನಿಂದ ಓಡುವ ಆಟ ಕಟ್ಟಬೇಕಾದರೆ) ಬದಲಿ ಹುಡುಕಿಕೊಳ್ಳಬೇಕು. ಕನ್ಸೋಲ್ ಆಟವಾದರೆ ಇನ್ನೂ ಬಿಗಿ. ಕನ್ಸೋಲ್ ಕಂಪನಿ ಆಟ ತಯಾರಿಸಲು ಕೊಡುವ ಕಿಟ್‌ನ ಫೈಲ್‌ಗಳು ಗೋಪ್ಯತೆಯ ಒಪ್ಪಂದದ ಅಡಿಯಲ್ಲಿ ಬಂದಿರುತ್ತವೆ.

ನಾನು ಕೆಲಸ ಮಾಡಿದ ಒಂದು ಕಡೆ ಹಳೆಯ ಆಟದ ಸೋರ್ಸ್ ಬಿಡೋಣ ಅಂತ ಕೇಳಿದಾಗ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಪ್ರತಿ ಫೈಲ್ ಬರೆದವರು ಯಾರು, ಅವರು ನೌಕರರಾ ಗುತ್ತಿಗೆಯವರಾ? ಉತ್ತರ ಹೇಳುವವರು ಯಾರೂ ಉಳಿದಿರಲಿಲ್ಲ. ಅಲ್ಲಿಗೆ ಕಡತ ಮುಚ್ಚಿತು.

ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ಸೋರ್ಸ್ ಮುಂದೆ ಸಿಗುತ್ತದಾ ಇಲ್ವಾ ಎನ್ನುವುದು ಆಟ ತಯಾರಾಗುವ ಹೊತ್ತಿಗೇ ತೀರ್ಮಾನ ಆಗಿರುತ್ತದೆ. ತಂಡ ಒಟ್ಟಿಗೆ ಇರುವಾಗಲೇ ಕೋಡ್, ಕಂಪೈಲರ್, ಚಿತ್ರ ತಯಾರಿಸುವ ಸಲಕರಣೆ, ಬಿಲ್ಡ್ ಮಾಡುವ ಕ್ರಮ, ಹೊರಗಿನ ಲೈಬ್ರರಿಗಳ ಪಟ್ಟಿ, ಎಲ್ಲಾ ಒಂದು ಕಡೆ ಸೇರಬೇಕು. ಮಾರಾಟ ನಿಂತ ಇಷ್ಟು ವರ್ಷದ ಮೇಲೆ ಕೋಡ್ ಬಿಡಬಹುದು ಎಂಬ ಒಂದು ಸಾಲು ಮೊದಲ ಒಪ್ಪಂದದಲ್ಲೇ ಇರಬೇಕು. ಇವತ್ತು ಆಟ ಮಾಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮುಂದಿನ ಒಪ್ಪಂದಕ್ಕೆ ಆ ಸಾಲು ಸೇರಿಸಿ.

ನ್ಯಾಯನೋಟ:

ಬಿಲ್ಡ್‌ಮನೆ ಹೇಳಿದ ಮಾಲೀಕತ್ವದ ಗೋಜಲು ಸಾಲುಮರ ಅವರ ಪ್ರಶ್ನೆಗೂ ಬೇಕಾದದ್ದು. ಕಂಪನಿ ಮುಚ್ಚಿದರೆ ಹಕ್ಕು ಸಾಯುವುದಿಲ್ಲ. ಅದು ಆಸ್ತಿ. ಸಾಲ ಕೊಟ್ಟವರಿಗೋ, ದಿವಾಳಿಯಲ್ಲಿ ಕೊಂಡವರಿಗೋ, ಇನ್ಯಾರಿಗೋ ಹೋಗಿರುತ್ತದೆ. ಸಿಸ್ಟಂ ಶಾಕ್ ಆಟದ ಹಕ್ಕು ಸ್ಟುಡಿಯೋ ಮುಚ್ಚಿದ ಮೇಲೆ ಒಂದು ವಿಮಾ ಕಂಪನಿಯ ಕೈಯಲ್ಲಿತ್ತು. ಹಳೇ ಆಟಗಳನ್ನು ಮತ್ತೆ ಹೊರತರುವ ನೈಟ್‌ಡೈವ್ ಕಂಪನಿಯವರು ಅದನ್ನು ಪತ್ತೆ ಹಚ್ಚಿ ಮಾತಾಡಿದ ಮೇಲೆಯೇ ಸಿಸ್ಟಂ ಶಾಕ್ 2 ಮತ್ತೆ 2013ರಲ್ಲಿ ಮಾರಾಟಕ್ಕೆ ಬಂತು. ಮೊದಲ ಆಟದ ಮ್ಯಾಕ್ ಆವೃತ್ತಿಯ ಸೋರ್ಸ್ 2018ರಲ್ಲಿ ಜಿಪಿಎಲ್ ಅಡಿಯಲ್ಲಿ ಹೊರಬಂತು.

ಅದೇ ನೈಟ್‌ಡೈವ್ ನೋ ಒನ್ ಲಿವ್ಸ್ ಫಾರೆವರ್ ಆಟದ ವಿಷಯದಲ್ಲಿ ಸೋತಿತು. ಹಕ್ಕು ಮೂರು ದೊಡ್ಡ ಕಂಪನಿಗಳ ನಡುವೆ ಎಲ್ಲೋ ಇದೆ. ತಮ್ಮದಾ ಅಲ್ವಾ ಅಂತ ಅವರಿಗೇ ಖಚಿತವಿಲ್ಲ. ಹಳೆಯ ಕಾಗದ ಹುಡುಕಲು ಮನಸ್ಸೂ ಇರಲಿಲ್ಲ. ಆದರೆ ಬೇರೆಯವರು ಮಾಡಿದರೆ ಸುಮ್ಮನಿರುತ್ತೇವೆ ಅಂತಲೂ ಹೇಳಲಿಲ್ಲ.

ನೀವು ಮಾಡಬಹುದಾದ್ದು: ಅಮೆರಿಕದ ಕಾಪಿರೈಟ್ ಕಚೇರಿಯ ದಾಖಲೆಗಳನ್ನು ಆನ್‌ಲೈನ್‌ನಲ್ಲೇ ಹುಡುಕಬಹುದು. ಅಲ್ಲಿ ನೋಂದಣಿಗಳ ಜೊತೆ ಹಕ್ಕು ವರ್ಗಾವಣೆಗಳೂ ಸಿಗುತ್ತವೆ. ಟ್ರೇಡ್‌ಮಾರ್ಕ್ ನೋಂದಣಿಯನ್ನೂ ನೋಡಿ, ಅದು ಜೀವಂತ ಇದೆಯಾ ಬಿದ್ದುಹೋಗಿದೆಯಾ ಅಂತ. ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ಬರೆದುಕೊಳ್ಳಿ. ಪ್ರೋಗ್ರಾಂ ಬರೆದವರು ಹಕ್ಕು ಕೊಡಲಾರರು. ಆದರೆ ಹಕ್ಕು ಎಲ್ಲಿ ಹೋಯಿತು, ಸೋರ್ಸ್ ಯಾರ ಹತ್ತಿರ ಉಳಿದಿರಬಹುದು ಅಂತ ಅವರಿಗೆ ಗೊತ್ತಿರುತ್ತದೆ. ಸೌಜನ್ಯದಿಂದ ಬರೆಯಿರಿ, ತಾವೇ ಕೋಡ್ ಕಳಿಸುತ್ತೇವೆ ಅಂದರೆ ಬೇಡ ಅನ್ನಿ. ಅವರ ಮನೆಯ ಕಂಪ್ಯೂಟರ್‌ನಲ್ಲಿ ಇದ್ದ ಮಾತ್ರಕ್ಕೆ ಅದು ಅವರದಲ್ಲ.

ಕಂಪನಿಗೆ ಬರೆಯುವಾಗ 'ಅನುಮತಿ ಕೊಡಿ' ಅಂತ ಎಲ್ಲೆಯಿಲ್ಲದ ಕೋರಿಕೆ ಬೇಡ. ನಿಖರವಾಗಿ ಕೇಳಿ. ಉದಾಹರಣೆಗೆ, ಡೇಟಾ ಫೈಲ್‌ಗಳನ್ನು ಉಚಿತವಾಗಿ ಹಂಚಲು ಲಿಖಿತ ಒಪ್ಪಿಗೆ, ಹೆಸರು ಬೇಡ, ಹಣದ ವ್ಯವಹಾರ ಇಲ್ಲ, ಅವರ ಕಾಪಿರೈಟ್ ಸೂಚನೆ ಹಾಗೇ ಇರುತ್ತದೆ. ಚಿಕ್ಕ ಕೋರಿಕೆಗೆ ಒಪ್ಪಿಗೆ ಕೊಡುವುದು ವಕೀಲರಿಗೂ ಸುಲಭ.

ಬಣ್ಣದಪುಟ:

ನಾನು ಚಿತ್ರ ಬಿಡಿಸುವವಳು. ಇಂಥ ಒಂದೆರಡು ಯೋಜನೆಗಳಿಗೆ ಚಿತ್ರ ಮಾಡಿಕೊಟ್ಟಿದ್ದೇನೆ. ಕೋಡ್ ಬಗ್ಗೆ ಇಷ್ಟು ಮಾತಾಡುತ್ತೇವೆ, ಆದರೆ ನಿಲ್ಲುವ ಯೋಜನೆಗಳು ನಿಲ್ಲುವುದು ಚಿತ್ರಗಳ ಹತ್ತಿರ.

ಎಷ್ಟೋ ತಂಡಗಳು ಹಳೆಯ ಚಿತ್ರಗಳನ್ನು ಸಾಫ್ಟ್‌ವೇರ್‌ಗೆ ಕೊಟ್ಟು ನಾಲ್ಕು ಪಟ್ಟು ದೊಡ್ಡದು ಮಾಡಿ, ಇವು ಹೊಸ ಚಿತ್ರ ಅಂತ ಹೇಳುತ್ತಾರೆ. ಹೊಸದಲ್ಲ. ಮೂಲದಿಂದ ಹುಟ್ಟಿದ್ದು ಮೂಲದವರದೇ. ಹಳೆಯದರ ಮೇಲೆ ಕಾಗದ ಇಟ್ಟು ಎಳೆದರೂ ಅಷ್ಟೇ. ಓಪನ್‌ಜಿಎಫ್‌ಎಕ್ಸ್, ಫ್ರೀಡೂಮ್ ತಂಡಗಳು ವರ್ಷಗಟ್ಟಲೆ ಕೂತು ಒಂದೊಂದು ತುಂಡನ್ನೂ ಬೇರೆಯಾಗಿ ಕಲ್ಪಿಸಿಕೊಂಡು ಮಾಡಿದವು. ಆ ಕೆಲಸವನ್ನು ಯಾರೂ ಹಗುರವಾಗಿ ನೋಡಬಾರದು.

ಸಂಗೀತ ಇನ್ನೂ ಸಿಕ್ಕು. ಆ ಕಾಲದಲ್ಲಿ ಸಂಗೀತ ಮಾಡಿದವರು ಎಷ್ಟೋ ಸಲ ಹೊರಗಿನವರು. ಆಟದ ಹಕ್ಕು ಮೂರು ಸಲ ಮಾರಾಟವಾದರೂ ಸಂಗೀತದ ಹಕ್ಕು ಅವರ ಹತ್ತಿರವೇ ಉಳಿದಿರಬಹುದು. ಅದು ಒಳ್ಳೆಯದೂ ಹೌದು, ಯಾಕೆಂದರೆ ಅವರನ್ನೇ ನೇರವಾಗಿ ಕೇಳಬಹುದು. ಫಾಂಟ್ ಮರೆಯಬೇಡಿ, ಅದಕ್ಕೂ ಲೈಸೆನ್ಸ್ ಇರುತ್ತದೆ.

ನನ್ನ ಸಲಹೆ, ಮೊದಲ ಆವೃತ್ತಿಯಲ್ಲಿ ಚಿತ್ರದ ಗೋಜಿಗೇ ಹೋಗಬೇಡಿ. ಇಂಜಿನ್ ಮಾತ್ರ ಕೊಡಿ. ಆಟ ಕೊಂಡವರು ತಮ್ಮ ಡಿಸ್ಕ್‌ನಿಂದ ಡೇಟಾ ಫೈಲ್ ತೋರಿಸಲಿ. ಆಟ ಚೆನ್ನಾಗಿ ಓಡಿದರೆ ಚಿತ್ರ ಬಿಡಿಸುವವರು ತಾವಾಗಿ ಬರುತ್ತಾರೆ. ನಾನಂತೂ ಬರುತ್ತೇನೆ.

ರಾತ್ರಿಪಾಳಿ:

ಡಿಸ್ಕ್ ಇರುವವರು ಎಷ್ಟು ಜನ ಹೇಳಿ? ನನ್ನ ಬೇಸರ ಇರುವುದೇ ಅಲ್ಲಿ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇಕಡ 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲ. ಗ್ರಂಥಾಲಯಗಳು ಮಾರಾಟ ನಿಂತ ಆಟಗಳನ್ನು ಸಂಶೋಧಕರಿಗೆ ದೂರದಿಂದ ತೋರಿಸಲು ಅವಕಾಶ ಕೇಳಿದವು. ಅಮೆರಿಕದ ಕಾಪಿರೈಟ್ ಕಚೇರಿ 2024ರ ಅಕ್ಟೋಬರ್‌ನಲ್ಲಿ ಅದನ್ನೂ ಒಪ್ಪಲಿಲ್ಲ. ಕೊಳ್ಳೋಣ ಅಂದರೆ ಮಾರುವುದಿಲ್ಲ, ಓದೋಣ ಅಂದರೆ ತೋರಿಸುವುದಿಲ್ಲ. ಸಿಟ್ಟು ಬರದೇ ಇರುತ್ತಾ?

ಕೋಡುಗಾರ್ತಿ:

ನಿಮ್ಮ ಸಿಟ್ಟು ಸರಿಯಾಗಿದೆ. ಅದನ್ನು ಹಾಕಬೇಕಾದ ಜಾಗ ಕಾನೂನು ಬದಲಿಸುವ ಕೆಲಸ. ದಿ ಕ್ರೂ ಆಟದ ಸರ್ವರ್ 2024ರ ಮಾರ್ಚ್ ಕೊನೆಗೆ ನಿಂತಿತು. ದುಡ್ಡು ಕೊಟ್ಟು ಕೊಂಡವರಿಗೂ ಆಡಲು ಆಗದಂತಾಯಿತು. ಆಗ ಶುರುವಾದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಭಿಯಾನಕ್ಕೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅವರು ಸೋರ್ಸ್ ಕೋಡ್ ಕೂಡ ಕೇಳುತ್ತಿಲ್ಲ. ಸರ್ವರ್ ನಿಲ್ಲಿಸುವಾಗ ಆಟ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ ಮಾತ್ರ ಕೇಳುತ್ತಿದ್ದಾರೆ. ನನಗೆ ಅದು ತೀರಾ ನ್ಯಾಯವಾದ ಬೇಡಿಕೆ ಅನ್ನಿಸುತ್ತದೆ.

ಆದರೆ ಆ ಸಿಟ್ಟಿನಲ್ಲಿ ಸಾಲುಮರ ಅವರ ಮೂರು ಜನರ ಕೆಲಸವನ್ನು ಅಪಾಯಕ್ಕೆ ಒಡ್ಡುವುದು ಬೇಡ.

ಸಾಲುಮರ:

ಎಲ್ಲರ ಮಾತೂ ಓದಿದೆವು, ಮೂವರೂ ಕೂತು ಚರ್ಚಿಸಿದೆವು. ಜಿಪ್ ಫೈಲ್ ಬಿಚ್ಚದೆ ಅಳಿಸಿದ್ದೇವೆ, ಕಳಿಸಿದವರಿಗೂ ಬರೆದಿದ್ದೇವೆ. ಹೊಸ ಹೆಸರು ಇಟ್ಟಿದ್ದೇವೆ. ಇಂಜಿನ್ ಮಾತ್ರ ಕೊಡುತ್ತೇವೆ, ಡೇಟಾ ಕೊಡುವುದಿಲ್ಲ. ಒಬ್ಬ ಗೆಳೆಯ ಡಿಸ್‌ಅಸೆಂಬಲ್ ಮಾಡಿ ನಿಯಮಗಳನ್ನು ಬರೆಯುತ್ತಾನೆ, ನಾವಿಬ್ಬರು ಅವನ ಬರಹ ಮಾತ್ರ ನೋಡುತ್ತೇವೆ. ಕಂಪನಿಗೆ ನ್ಯಾಯನೋಟ ಅವರು ಹೇಳಿದ ಹಾಗೆ ಚಿಕ್ಕ ಪತ್ರ ಬರೆಯುತ್ತಿದ್ದೇವೆ.

ಉಳಿದದ್ದು ಎರಡು ಪ್ರಶ್ನೆ. ನಮ್ಮ ಕೋಡ್‌ಗೆ ಯಾವ ಲೈಸೆನ್ಸ್? ಕಂಪನಿಯ ಉತ್ತರ ಬರುವವರೆಗೆ ಕೋಡ್ ಪ್ರಕಟಿಸದೆ ಕಾಯಬೇಕಾ?

ಬಿಲ್ಡ್‌ಮನೆ:

ನಾನಾದರೆ ಕಾಯುತ್ತೇನೆ. ಕಂಪನಿಯ ಕಡೆಯಿಂದ ಯೋಚಿಸಿ. ಅನುಮತಿ ಕೇಳಿದ ಪತ್ರ ಮೇಜಿನ ಮೇಲಿರುವಾಗಲೇ ಕೆಲಸ ಹೊರಬಂದರೆ ಅವರಿಗೆ ಬೇಸರವಾಗುತ್ತದೆ. ಆರಂಭದಲ್ಲೇ ನಂಬಿಕೆ ಕೆಡುವುದು ಬೇಡ.

ಹಳೆಡಿಸ್ಕ್:

ನಾನು ಒಪ್ಪುವುದಿಲ್ಲ. ನೀವು ಅನುಮತಿ ಕೇಳಿದ್ದು ಡೇಟಾಗೆ. ನಿಮ್ಮದೇ ಕೋಡ್ ಪ್ರಕಟಿಸಲು ಯಾರ ಅನುಮತಿಯೂ ಬೇಡ. ಕಾಯುತ್ತಾ ಕೂತರೆ ಕೇಳಬೇಕಿತ್ತೇನೋ ಎಂದು ನೀವೇ ಒಪ್ಪಿಕೊಂಡಂತೆ ಕಾಣುತ್ತದೆ. ಉತ್ತರ ಬರದೆಯೂ ಇರಬಹುದು. ಎಷ್ಟು ದಿನ ಕಾಯುತ್ತೀರಿ? ಪತ್ರದಲ್ಲೇ ಒಂದು ಸಾಲು ಸೇರಿಸಿ: ಇಂಜಿನ್ ನಮ್ಮದೇ ಬರಹ, ನಿಮ್ಮ ಕೋಡ್ ಅಥವಾ ಡೇಟಾ ಅದರಲ್ಲಿ ಇಲ್ಲ, ಅದನ್ನು ಪ್ರಕಟಿಸುತ್ತಿದ್ದೇವೆ. ಮುಚ್ಚುಮರೆ ಇಲ್ಲದಿದ್ದರೆ ಬೇಸರಕ್ಕೂ ಕಾರಣ ಇಲ್ಲ.

ಕೋಡುಗಾರ್ತಿ:

ಪ್ರಕಟಣೆ ವಿಷಯದಲ್ಲಿ ಹಳೆಡಿಸ್ಕ್ ಅವರ ಪಕ್ಷ ನಾನು. ಲೈಸೆನ್ಸ್ ಬಗ್ಗೆ ಹೇಳುತ್ತೇನೆ.

ಜಿಪಿಎಲ್ ಹಾಕಿದರೆ ನಿಮ್ಮ ಇಂಜಿನ್ ಬದಲಿಸಿ ಹಂಚುವವರು ತಮ್ಮ ಬದಲಾವಣೆಯ ಸೋರ್ಸ್ ಕೊಡಲೇಬೇಕು. ಎಂಐಟಿ ಎಂಬ ಸಡಿಲ ಲೈಸೆನ್ಸ್ ಹಾಕಿದರೆ ಮುಚ್ಚಿಟ್ಟುಕೊಂಡು ಮಾರಬಹುದು. ಹಳೆಯ ಆಟಗಳ ಇಂಜಿನ್‌ಗಳು ಹೆಚ್ಚಾಗಿ ಜಿಪಿಎಲ್. ಸ್ಕಮ್‌ವಿಎಂ, ಓಪನ್‌ಟಿಟಿಡಿ ಎರಡೂ ಅದೇ. ಆದರೆ ಮುಂದೆ ಹಕ್ಕಿನ ಮಾಲೀಕರು ನಿಮ್ಮ ಇಂಜಿನ್ ಬಳಸಿ ಆಟವನ್ನು ಮತ್ತೆ ಮಾರಲು ಬಯಸಿ, ಬೇರೆ ಷರತ್ತಿನ ಲೈಸೆನ್ಸ್ ಕೇಳಿದರೆ, ಕೋಡ್ ಬರೆದ ಎಲ್ಲರೂ ಒಪ್ಪಬೇಕಾಗುತ್ತದೆ. ಈಗ ನೀವು ಮೂವರೇ. ಇಪ್ಪತ್ತು ಜನ ಆದ ಮೇಲೆ ಎಲ್ಲರನ್ನೂ ಹುಡುಕುವುದು ಕಷ್ಟ. ಹೊರಗಿನವರ ಕೋಡ್ ತೆಗೆದುಕೊಳ್ಳುವ ಮೊದಲೇ ಇದರ ಬಗ್ಗೆ ಒಂದು ಬರಹ ಮಾಡಿಕೊಳ್ಳಿ.

ಬೇರೆಯವರ ಕೋಡ್ ಸೇರಿಸುವಾಗ ಅದರ ಲೈಸೆನ್ಸ್ ನೋಡಿ. ಡ್ಯೂಕ್ ನ್ಯೂಕೆಮ್ 3ಡಿ ಕೋಡ್ 2003ರಲ್ಲಿ ಜಿಪಿಎಲ್ ಆಗಿ ಬಂತು. ಅದರ ಅಡಿಯಲ್ಲಿರುವ ಬಿಲ್ಡ್ ಇಂಜಿನ್ ಅದಕ್ಕೂ ಮೊದಲೇ, ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತಿನ ಬೇರೆ ಲೈಸೆನ್ಸ್‌ನಲ್ಲಿ ಬಂದಿತ್ತು. ಜಿಪಿಎಲ್ ಅಂಥ ಹೆಚ್ಚಿನ ಷರತ್ತನ್ನು ಒಪ್ಪುವುದಿಲ್ಲ. ಎರಡನ್ನೂ ಬೆರೆಸಿ ಮಾಡಿದ ಯೋಜನೆಗಳಿಗೆ ಈ ತೊಡಕು ಇವತ್ತಿಗೂ ಬಿಟ್ಟಿಲ್ಲ.

ಸಾಲುಮರ:

ಹಾಗಾದರೆ ಜಿಪಿಎಲ್. ಇಂಜಿನ್ ಪ್ರಕಟಿಸುತ್ತೇವೆ, ಪತ್ರದಲ್ಲಿ ಆ ಸಾಲೂ ಸೇರಿಸುತ್ತೇವೆ. ಬಿಲ್ಡ್‌ಮನೆ ಅವರೇ, ನಿಮ್ಮ ಮಾತಿಗೂ ಬೆಲೆ ಕೊಟ್ಟು ಪತ್ರ ಮೊದಲು ಹೋಗಲಿ, ಕೋಡ್ ಆಮೇಲೆ ಬರಲಿ ಅಂತ ತೀರ್ಮಾನಿಸಿದ್ದೇವೆ. ಸದ್ಯಕ್ಕೆ ನಕ್ಷೆ ಮತ್ತು ಸೈನಿಕರ ಚಿತ್ರಗಳು ಪರದೆ ಮೇಲೆ ಮೂಡುತ್ತಿವೆ. ಯುದ್ಧದ ಲೆಕ್ಕ ಮಾತ್ರ ಮೂಲದ ಜೊತೆ ಹೊಂದುತ್ತಿಲ್ಲ. ಒಂದೇ ಸೇವ್‌ನಿಂದ ಶುರು ಮಾಡಿದರೂ ಮೂಲ ಆಟದಲ್ಲಿ ಪ್ರತಿ ಸಲ ಬೇರೆ ಫಲಿತಾಂಶ ಬರುತ್ತಿದೆ.

ಕೋಡುಗಾರ್ತಿ:

ರ‍್ಯಾಂಡಮ್ ಸಂಖ್ಯೆಯ ಬೀಜವನ್ನು (ಅದರ ಲೆಕ್ಕ ಶುರುವಾಗುವ ಸಂಖ್ಯೆಯನ್ನು) ಕಂಪ್ಯೂಟರ್ ಗಡಿಯಾರದಿಂದ ತೆಗೆದುಕೊಳ್ಳುತ್ತಿರಬೇಕು. ಆ ಕಾಲದ ಆಟಗಳಲ್ಲಿ ಸಾಮಾನ್ಯ. ಡಾಸ್‌ಬಾಕ್ಸ್‌ನ ಡಿಬಗರ್ (ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡುವ ಸಲಕರಣೆ) ಇರುವ ಬಿಲ್ಡ್ ತೆಗೆದುಕೊಳ್ಳಿ. ಆಟ ಸಮಯ ಕೇಳುವ ಇಂಟರಪ್ಟ್‌ನಲ್ಲಿ (ವ್ಯವಸ್ಥೆಗೆ ಕೋರಿಕೆ ಹೋಗುವ ಜಾಗದಲ್ಲಿ) ನಿಲ್ಲಿಸಿ, ಪ್ರತಿ ಸಲವೂ ಒಂದೇ ಸಂಖ್ಯೆ ಕೊಡಿ. ಆಗ ಎರಡೂ ಕಡೆ ಒಂದೇ ಯುದ್ಧ ಓಡಿಸಿ ಹೋಲಿಸಬಹುದು. ಈ ಕೆಲಸ ಡಿಸ್‌ಅಸೆಂಬಲ್ ಮಾಡುವ ಗೆಳೆಯನೇ ಮಾಡಲಿ, ಸಿಕ್ಕಿದ ಫಲಿತಾಂಶದ ಪಟ್ಟಿ ಮಾತ್ರ ನಿಮ್ಮಿಬ್ಬರಿಗೆ ಕೊಡಲಿ.